ಕೂಗು ಕೇಳಿಸುತ್ತೆ, ನಮಾಜ್ ಕೇಳಿಸಲ್ಲ

ನಮಸ್ಕಾರ ವೀಕ್ಷಕರೇ. ಇವತ್ತು ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ನೀವು ರಾಜಾಜಿನಗರದಲ್ಲಿರಿ, ವಿಜಯನಗರದಲ್ಲಿರಿ, ಬಸವೇಶ್ವರನಗರದಲ್ಲಿರಿ, ಆ ಕಡೆ ಕೆಂಗೇರಿಯಲ್ಲಿರಿ. ದಿನದಲ್ಲಿ ಯಾವುದೋ ಹೊತ್ತಿನಲ್ಲಿ ಒಂದು ಕೂಗು ನಿಮ್ಮ ಕಿವಿಗೆ ಬಿದ್ದಿರುತ್ತೆ. ಹತ್ತು ವರ್ಷದಿಂದ ಬಿದ್ದಿರುತ್ತೆ, ಕೆಲವರಿಗೆ ಐವತ್ತು ವರ್ಷದಿಂದ. ಪ್ರಶ್ನೆ ಇಷ್ಟೇ. ಆ ಕೂಗಿನಲ್ಲಿ ಏನು ಹೇಳ್ತಾರೆ?

ಹೆಚ್ಚಿನವರ ಉತ್ತರ ಒಂದೇ: ‘ನಮಾಜ್ ಮಾಡ್ತಿದ್ದಾರೆ ಕಣ್ರೀ’. ಅದು ನಮಾಜ್ ಅಲ್ಲ. ಅದು ಅಜಾನ್. ನಮಾಜ್‌ಗೆ ಬನ್ನಿ ಅಂತ ಕರೆಯೋ ಕರೆ. ನಮಾಜ್ ಶುರುವಾಗೋದು ಆ ಮೇಲೆ. ಅದರಲ್ಲೂ ಮಧ್ಯಾಹ್ನದ ಮತ್ತು ಸಂಜೆಗೆ ಮುಂಚಿನ ನಮಾಜ್‌ನಲ್ಲಿ ಇಮಾಮರು ಓದುವುದು ಅವರ ಹಿಂದೆ ನಿಂತವರಿಗೂ ಕೇಳಿಸಲ್ಲ, ಅಷ್ಟು ಮೆಲ್ಲಗೆ ಓದ್ತಾರೆ. ಅಂದರೆ ನಮಗೆ ಕೇಳಿಸೋದು ಕರೆ, ನಮಗೆ ಕೇಳಿಸದೇ ಇರೋದು ಪ್ರಾರ್ಥನೆ. ಕರೆಯ ಬಗ್ಗೆ ನಾವು ಎಷ್ಟೋ ಜಗಳ ಆಡಿದ್ದೇವೆ. ಪ್ರಾರ್ಥನೆಯ ಬಗ್ಗೆ ಎಷ್ಟು ತಿಳಿದುಕೊಂಡಿದ್ದೇವೆ?

ಈ ಜಗಳ ಹೈಕೋರ್ಟಿಗೂ ಹೋಗಿತ್ತು. 2022ರ ವರ್ಷ ನೆನಪಿದೆಯಲ್ಲ? ಹಿಜಾಬ್ ಆಯಿತು, ಹಲಾಲ್ ಆಯಿತು, ಅಜಾನ್ ಬಂತು. ಬೆಳಗಿನ ಅಜಾನ್‌ಗೆ ಪ್ರತಿಯಾಗಿ ಸುಪ್ರಭಾತ ಹಾಕ್ತೀವಿ ಅನ್ನೋ ಅಭಿಯಾನ ನಡೆಯಿತು. ಅದೇ ವರ್ಷ ಬೆಂಗಳೂರಿನ ಒಬ್ಬ ನಾಗರಿಕರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅವರ ವಾದ ಬರೀ ಸದ್ದಿನದಲ್ಲ. ಅಜಾನ್‌ನ ಮಾತುಗಳೇ ಬೇರೆ ಧರ್ಮದವರ ನಂಬಿಕೆಗೆ ನೋವು ತರುತ್ತವೆ, ಮೈಕ್‌ನಲ್ಲಿ ಅದನ್ನು ಹೇಳದಂತೆ ಮಾಡಿ ಅನ್ನೋದು ಅವರ ಬೇಡಿಕೆ. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠ ಆ ವಾದವನ್ನು ಒಪ್ಪಲಿಲ್ಲ. ಅಜಾನ್‌ನ ಒಕ್ಕಣೆಯಿಂದ ಬೇರೆಯವರ ಮೂಲಭೂತ ಹಕ್ಕಿಗೆ ಧಕ್ಕೆ ಆಗುತ್ತೆ ಅನ್ನೋಕಾಗಲ್ಲ ಅಂತ ಹೇಳಿತು. ಅದರ ಜೊತೆಗೇ, ಧ್ವನಿವರ್ಧಕದ ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳಿ ಅಂತ ಅಧಿಕಾರಿಗಳಿಗೆ ಸೂಚಿಸಿತು.

ನೋಡಿ, ನ್ಯಾಯಾಲಯ ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ಇಟ್ಟಿತು. ಒಂದು ಸದ್ದು, ಇನ್ನೊಂದು ಅರ್ಥ. ಸದ್ದಿಗೆ ಕಾನೂನಿದೆ, ಅಳತೆಯಿದೆ, ಮೀಟರ್ ಇದೆ. ಅರ್ಥಕ್ಕೆ ಬೇಕಾಗಿರೋದು ತಿಳಿವಳಿಕೆ ಮಾತ್ರ. ನಾವು ಮಾಡ್ತಿರೋ ಎಡವಟ್ಟು ಏನಂದರೆ ಎರಡನ್ನೂ ಕಲಸಿಬಿಡೋದು. ಇವತ್ತು ಬೇರೆ ಬೇರೆಯಾಗಿ ನೋಡೋಣ.

ಕೂಗಿನ ಒಳಗೆ ಏನಿದೆ?

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಅಜಾನ್‌ನಲ್ಲಿ ಕೇಳಿಸೋ ‘ಅಕ್ಬರ್’ ಮೊಘಲ್ ದೊರೆ ಅಲ್ಲ. ಅಕ್ಬರ್ ಅಂದರೆ ಅರಬ್ಬಿಯಲ್ಲಿ ‘ಎಲ್ಲಕ್ಕಿಂತ ದೊಡ್ಡದು’ ಅಂತ. ದೊರೆಗಿಂತ ಒಂಬತ್ತು ಶತಮಾನ ಮುಂಚಿನಿಂದ ಆ ಪದ ಅಜಾನ್‌ನಲ್ಲಿದೆ.

ಒಕ್ಕಣೆ ಹೀಗಿದೆ. ದೇವರು ಎಲ್ಲಕ್ಕಿಂತ ದೊಡ್ಡವನು ಅನ್ನೋದು ನಾಲ್ಕು ಸಲ. ಅವನ ಹೊರತು ಬೇರೆ ದೇವರಿಲ್ಲ ಅಂತ ಸಾಕ್ಷಿ ಹೇಳ್ತೀನಿ ಅನ್ನೋದು ಎರಡು ಸಲ. ಮುಹಮ್ಮದರು ಅವನ ಸಂದೇಶವಾಹಕ ಅಂತ ಸಾಕ್ಷಿ ಹೇಳ್ತೀನಿ ಅನ್ನೋದು ಎರಡು ಸಲ. ಪ್ರಾರ್ಥನೆಗೆ ಬನ್ನಿ, ಎರಡು ಸಲ. ಒಳಿತಿನ ಕಡೆಗೆ ಬನ್ನಿ, ಎರಡು ಸಲ. ಮತ್ತೆ ದೇವರ ಹಿರಿಮೆ ಎರಡು ಸಲ, ಕೊನೆಗೆ ಅವನೊಬ್ಬನೇ ಅನ್ನೋದು ಒಂದು ಸಲ. ಒಟ್ಟು ಹದಿನೈದು ಸಾಲು. ಬೆಳಗಿನ ಜಾವದ ಅಜಾನ್‌ಗೆ ಮಾತ್ರ ಇನ್ನೆರಡು ಸಾಲು ಸೇರುತ್ತೆ: ನಿದ್ದೆಗಿಂತ ಪ್ರಾರ್ಥನೆ ಮೇಲು ಅಂತ. ಅಲಾರಂ ಆಫ್ ಮಾಡಿ ಮತ್ತೆ ಮುಸುಕು ಎಳೆದುಕೊಳ್ಳೋ ಚಾಳಿ ಏಳನೇ ಶತಮಾನದಲ್ಲೂ ಇತ್ತು ಅಂತ ಕಾಣುತ್ತೆ!

ಒಬ್ಬನೇ ದೇವರು ಅನ್ನೋ ಮಾತು ನಮ್ಮ ನೆಲಕ್ಕೆ ಅಪರಿಚಿತವೇ? ನಾವು ನಮ್ಮ ಬಡಾವಣೆಗೆ ಬಸವೇಶ್ವರನಗರ ಅಂತ ಹೆಸರಿಟ್ಟುಕೊಂಡವರು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಏಕದೇವ ನಿಷ್ಠೆಯನ್ನು ಅಚ್ಚ ಕನ್ನಡದಲ್ಲೇ ಹೇಳಿದರು, ಸಾಕಷ್ಟು ಖಾರವಾಗಿಯೇ ಹೇಳಿದರು. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಇಷ್ಟಲಿಂಗ ಅಂಗೈ ಮೇಲಿರುತ್ತೆ, ನಮಾಜ್‌ನಲ್ಲಿ ಎದುರಿಗೆ ಏನೂ ಇರಲ್ಲ. ಆದರೆ ‘ನನ್ನ ದೇವರೊಬ್ಬನೇ’ ಅಂತ ಒಬ್ಬ ಭಕ್ತ ಹೇಳೋದು ಪಕ್ಕದ ಮನೆಯವರಿಗೆ ಬೈದ ಹಾಗಲ್ಲ. ಅಷ್ಟು ಒಪ್ಪಿಕೊಂಡರೆ ಸಾಕು.

ಸದ್ದಿನ ಲೆಕ್ಕ

ಈಗ ಸದ್ದಿಗೆ ಬರೋಣ. ಇದರಲ್ಲಿ ಮುಲಾಜಿಲ್ಲದೆ ಮಾತಾಡಬಹುದು, ಯಾಕಂದ್ರೆ ಸಂಖ್ಯೆಗಳಿವೆ.

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಅಂದರೆ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆ. ಆ ಅವಧಿಯಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹರಿದಿನಕ್ಕೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. 55 ಡೆಸಿಬಲ್ ಅಂದರೆ ಎದುರುಬದುರು ಕೂತು ಮಾತಾಡೋ ಧ್ವನಿಗಿಂತ ಸ್ವಲ್ಪ ಕಡಿಮೆ. ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತೆ, ಡೆಸಿಬಲ್ ಲೆಕ್ಕ ಏಣಿ ಮೆಟ್ಟಿಲಿನ ಹಾಗೆ ಅಲ್ಲ. 55 ಇದ್ದದ್ದು 65 ಆದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತೆ, 75 ಆದರೆ ನೂರು ಪಟ್ಟು. ಆದ್ದರಿಂದ ‘ಸ್ವಲ್ಪ ಜಾಸ್ತಿ ಅಷ್ಟೇ’ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಈ ನಿಯಮದಲ್ಲಿ ಮಸೀದಿ ಅನ್ನೋ ಪದಕ್ಕೆ ವಿಶೇಷ ಜಾಗ ಇಲ್ಲ. ದೇವಸ್ಥಾನಕ್ಕೂ ಇದೇ, ಚರ್ಚಿಗೂ ಇದೇ, ಧನುರ್ಮಾಸದ ಬೆಳಗಿನ ಪೂಜೆಗೂ ಇದೇ, ಗಣೇಶನ ಆರ್ಕೆಸ್ಟ್ರಾಗೂ ಇದೇ, ನವೆಂಬರ್ ತಿಂಗಳಿಡೀ ನಡೆಯೋ ರಾಜ್ಯೋತ್ಸವಕ್ಕೂ ಇದೇ, ಪಬ್ಬಿಗೂ ಇದೇ. 2022ರ ಮೇ 10ರಂದು ರಾಜ್ಯ ಸರ್ಕಾರ ಹೊರಡಿಸಿದ ಸುತ್ತೋಲೆಯೂ ಎಲ್ಲರಿಗೂ ಅನ್ವಯ.

ಇಲ್ಲೊಂದು ಸ್ವಾರಸ್ಯ ಇದೆ. ಬೆಳಗಿನ ನಮಾಜ್ ಸೂರ್ಯ ಹುಟ್ಟುವ ಮುಂಚೆ ಮುಗಿಯಬೇಕು. ಜೂನ್ ತಿಂಗಳಲ್ಲಿ ಬೆಂಗಳೂರಲ್ಲಿ ಸೂರ್ಯ ಹುಟ್ಟೋದು 6ಕ್ಕಿಂತ ಮುಂಚೆ. ಅಂದರೆ ಆ ದಿನಗಳಲ್ಲಿ ಬೆಳಗಿನ ನಮಾಜ್‌ನ ಇಡೀ ಅವಧಿ ಧ್ವನಿವರ್ಧಕ ನಿಷೇಧದ ಅವಧಿಯೊಳಗೇ ಮುಗಿದುಹೋಗುತ್ತೆ. ಕಾನೂನು ಪಾಲಿಸಬೇಕು ಅಂದರೆ ಹೊರಗಿನ ಮೈಕ್ ಬಿಡಲೇಬೇಕು. ರಾಜ್ಯ ವಕ್ಫ್ ಮಂಡಳಿ 2021ರ ಮಾರ್ಚ್‌ನಲ್ಲೇ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅಂತ ಮಸೀದಿಗಳಿಗೆ ಸುತ್ತೋಲೆ ಕಳಿಸಿತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಧರ್ಮಗುರುಗಳು ಸಭೆ ಸೇರಿ, ಬೆಳಗಿನ ಜಾವದ ಅಜಾನ್‌ಗೆ 6 ಗಂಟೆಗೆ ಮುಂಚೆ ಮೈಕ್ ಬಳಸೋದು ಬೇಡ ಅಂತ ತೀರ್ಮಾನಿಸಿದರು.

ಹಾಗಾದರೆ ಧರ್ಮಕ್ಕೆ ಕುಂದು ಬಂತೇ? ಇಲ್ಲ. ಯಾಕಂದ್ರೆ ಅಜಾನ್ ಹಳೆಯದು, ಮೈಕ್ ಹೊಸದು. ಮೊದಲ ಅಜಾನ್ ಕೂಗಿದವರು ಬಿಲಾಲ್. ಅಬಿಸೀನಿಯಾ ಮೂಲದ ಕಪ್ಪು ಮನುಷ್ಯ, ಗುಲಾಮಗಿರಿಯಿಂದ ಬಿಡುಗಡೆಯಾದವರು. ಅವರ ಹತ್ತಿರ ಇದ್ದದ್ದು ಗಂಟಲು ಮಾತ್ರ. ಮೈಕ್ ಬಂದ ಕಾಲದಲ್ಲಿ ಅದನ್ನು ನಮಾಜ್‌ಗೆ ಬಳಸಬಹುದೇ ಅಂತ ಉಲೇಮಾಗಳ ನಡುವೆಯೇ ದೊಡ್ಡ ಚರ್ಚೆ ಆಗಿತ್ತು. 2020ರಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ ಇದನ್ನೇ ಹೇಳಿತು: ಅಜಾನ್ ಧರ್ಮದ ಅಗತ್ಯ ಭಾಗ ಇರಬಹುದು, ಮೈಕ್ ಅಲ್ಲ.

ಸೂರ್ಯನ ಜೊತೆ ಲೆಕ್ಕಾಚಾರ

‘ಒಂದು ಮಸೀದಿಯದ್ದು ಮುಗೀತು ಅನ್ನುವಾಗ ಇನ್ನೊಂದು ಶುರು ಆಗುತ್ತಲ್ಲ, ಯಾಕೆ?’ ಇದು ನನಗೆ ವೀಕ್ಷಕರು ಕೇಳೋ ಪ್ರಶ್ನೆ. ಉತ್ತರ ಸೂರ್ಯನಲ್ಲಿದೆ.

ಐದು ಹೊತ್ತಿಗೂ ಗಡಿಯಾರದ ಸಮಯ ಇಲ್ಲ, ಸೂರ್ಯನ ಸಮಯ ಇದೆ. ಬೆಳಗಿನದು ಫಜರ್. ಸೂರ್ಯ ದಿಗಂತಕ್ಕಿಂತ ಸುಮಾರು 18 ಡಿಗ್ರಿ ಕೆಳಗಿರುವಾಗ, ಮೊದಲ ಬೆಳಕು ಅಡ್ಡಡ್ಡವಾಗಿ ಹರಡಿದಾಗ ಶುರು. ನಮ್ಮ ಊರಿನಲ್ಲಿ ಋತುವಿಗೆ ತಕ್ಕಂತೆ ಬೆಳಗಿನ ನಾಲ್ಕೂವರೆ ಐದೂವರೆ ಆಸುಪಾಸು. ಮಧ್ಯಾಹ್ನದ್ದು ಜೊಹರ್, ಸೂರ್ಯ ನೆತ್ತಿ ದಾಟಿದ ಮೇಲೆ. ಮೂರನೆಯದು ಅಸರ್, ನೆರಳು ಉದ್ದವಾದಾಗ. ನಾಲ್ಕನೆಯದು ಮಗ್ರಿಬ್, ಸೂರ್ಯ ಮುಳುಗಿದ ತಕ್ಷಣ. ಐದನೆಯದು ಇಶಾ, ಪಶ್ಚಿಮದ ಸಂಜೆಬೆಳಕು ಪೂರ್ತಿ ಆರಿದ ಮೇಲೆ.

ಸೂರ್ಯ ನೆತ್ತಿ ದಾಟೋದು 12 ಗಂಟೆಗೆ ಅಂದುಕೊಂಡಿದ್ದೀರಾ? ಬೆಂಗಳೂರಲ್ಲಿ ಅಲ್ಲ. ಭಾರತದ ಗಡಿಯಾರ ಹೊಂದಿಸಿರೋದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ. ನಾವು ಇರೋದು ಎಪ್ಪತ್ತೇಳೂವರೆ ಆಸುಪಾಸು. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಇಪ್ಪತ್ತು ನಿಮಿಷ ತಡ. ಆದ್ದರಿಂದ ನಮ್ಮ ನಿಜವಾದ ನಡುಮಧ್ಯಾಹ್ನ ಸರಾಸರಿ 12.20. ನವೆಂಬರ್ ಮೊದಲ ವಾರ 12.05ಕ್ಕೂ ಮುಂಚೆ ಬರುತ್ತೆ, ಫೆಬ್ರವರಿಯಲ್ಲಿ 12.35ರ ಹತ್ತಿರಕ್ಕೆ ಹೋಗುತ್ತೆ.

ಅಸರ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಸ್ಲಾಮಿನಲ್ಲಿ ಕಾನೂನು ಪಂಥಗಳಿವೆ. ಬೆಂಗಳೂರು ಸೀಮೆಯ ದಖನಿ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ, ಕರಾವಳಿಯ ಬ್ಯಾರಿಗಳಲ್ಲಿ ಹೆಚ್ಚಿನವರು ಶಾಫಿ. ಒಂದು ಮೀಟರ್ ಕೋಲು ನೆಟ್ಟರೆ, ನಡುಮಧ್ಯಾಹ್ನ ಇದ್ದ ನೆರಳಿನ ಮೇಲೆ ಇನ್ನೊಂದು ಮೀಟರ್ ನೆರಳು ಬೆಳೆದಾಗ ಶಾಫಿಗಳಿಗೆ ಅಸರ್. ಎರಡು ಮೀಟರ್ ಬೆಳೆದಾಗ ಹನಫಿಗಳಿಗೆ ಅಸರ್. ಇಷ್ಟಕ್ಕೇ ಒಂದು ಗಂಟೆಯ ವ್ಯತ್ಯಾಸ ಬರುತ್ತೆ. ಅದರ ಮೇಲೆ, ಅವಧಿಯೊಳಗೆ ಯಾವ ನಿಮಿಷಕ್ಕೆ ಸಾಮೂಹಿಕ ನಮಾಜ್ ಅನ್ನೋದನ್ನು ಆಯಾ ಮಸೀದಿಯೇ ನಿರ್ಧಾರ ಮಾಡುತ್ತೆ. ಅದಕ್ಕೇ ಕರೆಗಳು ಹಿಂದೆಮುಂದೆ. ಮಗ್ರಿಬ್ ಗಮನಿಸಿ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಲ ಕೇಳಿಸುತ್ತೆ. ಯಾಕಂದ್ರೆ ಅದರ ಅವಧಿ ಚಿಕ್ಕದು, ತಡ ಮಾಡುವ ಹಾಗಿಲ್ಲ.

ನೆರಳಿನ ಮಾತು ಬಂತಲ್ಲ, ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ. ಶಾಲೆಗಳಲ್ಲಿ ಮಕ್ಕಳಿಗೆ ತೋರಿಸ್ತಾರೆ. ಇದೇ ವಿಜ್ಞಾನವನ್ನು ನಮ್ಮ ಪಂಚಾಂಗದವರೂ ಬಳಸಿದ್ದಾರೆ. ರಾಹುಕಾಲವನ್ನು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ ತೆಗೀತಾರೆ. ಸಂಧ್ಯಾವಂದನೆಗೂ ಬೆಳಗು, ಮಧ್ಯಾಹ್ನ, ಸಂಜೆಯೇ ಆಧಾರ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಸಂಧ್ಯಾವಂದನೆಯಲ್ಲಿ ಸೂರ್ಯನಿಗೇ ಅರ್ಘ್ಯ. ಇಸ್ಲಾಮಿನಲ್ಲಿ ಸೂರ್ಯ ಹುಟ್ಟುವ ಕ್ಷಣ, ನೆತ್ತಿಯ ಮೇಲಿರುವ ಕ್ಷಣ, ಮುಳುಗುವ ಕ್ಷಣ ನಮಾಜ್ ಮಾಡೋದು ಸಲ್ಲದು. ಸೂರ್ಯನನ್ನು ಪೂಜಿಸಿದ ಹಾಗೆ ಆಗಬಾರದು ಅನ್ನೋದು ಅದಕ್ಕೆ ಕೊಡೋ ಕಾರಣ. ಸೂರ್ಯ ಇಲ್ಲಿ ಗಡಿಯಾರ, ದೇವರಲ್ಲ.

ಒಳಗೆ ನಡೆಯೋದು ಏನು?

ಮಸೀದಿಯ ಒಳಗೆ ಹೋಗೋಣ. ಮೊದಲು ವಜೂ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯನ್ನು ತಲೆ ಮೇಲೆ ಸವರಿ, ಕೊನೆಗೆ ಪಾದ ತೊಳೆಯಬೇಕು. ನೀರೇ ಇಲ್ಲದಿದ್ದರೆ? ಶುದ್ಧವಾದ ಮಣ್ಣನ್ನು ಕೈಯಿಂದ ಮುಟ್ಟಿ ಮುಖ, ಕೈ ಸವರಿಕೊಂಡರೆ ಆಯಿತು. ಅದಕ್ಕೆ ತಯಮ್ಮುಮ್ ಅಂತಾರೆ. ಮರಳುಗಾಡಿನಲ್ಲಿ ಹುಟ್ಟಿದ ಧರ್ಮ, ನೀರಿನ ಬೆಲೆ ಗೊತ್ತಿತ್ತು.

ಆ ಮೇಲೆ ಮನಸ್ಸಿನಲ್ಲಿ ಸಂಕಲ್ಪ, ಅದನ್ನು ನಿಯತ್ತು ಅಂತಾರೆ. ನಾವು ಕನ್ನಡದಲ್ಲಿ ‘ನಿಯತ್ತಿನ ಮನುಷ್ಯ’ ಅಂತೀವಲ್ಲ, ಅದೇ ಪದ. ನಮಾಜ್‌ನ ಒಂದು ಸುತ್ತಿಗೆ ರಕಾತ್ ಅಂತ ಹೆಸರು. ಕೈ ಎತ್ತಿ ದೇವರ ಹಿರಿಮೆ ಹೇಳಿ, ಕೈ ಕಟ್ಟಿ ನಿಂತು ಕುರ್‌ಆನ್‌ನ ಮೊದಲ ಅಧ್ಯಾಯ ಓದ್ತಾರೆ. ಏಳೇ ವಾಕ್ಯಗಳ ಪುಟ್ಟ ಅಧ್ಯಾಯ ಅದು, ಸರಿದಾರಿ ತೋರಿಸು ಅನ್ನೋದು ಅದರ ತಿರುಳು. ನಂತರ ಮೊಣಕಾಲಿನ ಮೇಲೆ ಕೈ ಇಟ್ಟು ಬಾಗೋದು, ರುಕೂ. ಎದ್ದು ನಿಂತು, ನೆಲಕ್ಕೆ ಹಣೆ ಮುಟ್ಟಿಸೋದು, ಸಜ್ದಾ. ಒಂದು ಸುತ್ತಿಗೆ ಎರಡು ಸಜ್ದಾ. ಕೊನೆಯ ಸುತ್ತಿನಲ್ಲಿ ಕೂತು, ಬಲಕ್ಕೆ ತಿರುಗಿ ಶಾಂತಿ ಕೋರಿ, ಎಡಕ್ಕೆ ತಿರುಗಿ ಶಾಂತಿ ಕೋರಿದರೆ ನಮಾಜ್ ಮುಗಿಯಿತು.

ಕಡ್ಡಾಯದ ರಕಾತ್‌ಗಳು ಬೆಳಿಗ್ಗೆ 2, ಮಧ್ಯಾಹ್ನ 4, ಅಸರ್‌ಗೆ 4, ಮಗ್ರಿಬ್‌ಗೆ 3, ಇಶಾಗೆ 4. ಒಟ್ಟು 17. ಅಂದರೆ ದಿನಕ್ಕೆ ಕಡಿಮೆ ಅಂದರೂ 34 ಸಲ ಹಣೆ ನೆಲ ಮುಟ್ಟುತ್ತೆ. ಸಜ್ದಾ ಮಾಡುವ ಜಾಗ ಅನ್ನೋದರಿಂದಲೇ ‘ಮಸ್ಜಿದ್’ ಅನ್ನೋ ಪದ ಬಂದಿದೆ.

ಪ್ರವಾಸದಲ್ಲಿ ಇದ್ದವರಿಗೆ ನಾಲ್ಕು ರಕಾತ್ ಎರಡಕ್ಕೆ ಇಳಿಯುತ್ತೆ. ಕಾಯಿಲೆ ಬಿದ್ದವರು ಕೂತು ಮಾಡಬಹುದು, ಆಗದಿದ್ದರೆ ಮಲಗಿಯೇ ಸನ್ನೆಯಲ್ಲಿ ಮಾಡಬಹುದು. ಶಿಯಾಗಳು ಐದು ನಮಾಜನ್ನು ಸಾಮಾನ್ಯವಾಗಿ ಮೂರು ಹೊತ್ತಿನಲ್ಲಿ ಸೇರಿಸಿ ಮಾಡ್ತಾರೆ, ಹಣೆ ಇಡೋ ಜಾಗದಲ್ಲಿ ಪುಟ್ಟ ಮಣ್ಣಿನ ಬಿಲ್ಲೆ ಇಟ್ಟುಕೊಳ್ತಾರೆ. ಬೆಂಗಳೂರಿನಿಂದ ಬಹಳ ದೂರವಿಲ್ಲದ ಗೌರಿಬಿದನೂರು ತಾಲೂಕಿನ ಅಲೀಪುರ ಶಿಯಾಗಳೇ ಹೆಚ್ಚಿರುವ ಊರು.

ಸಾಲಿನಲ್ಲಿ ಮೊದಲು ಬಂದವನು ಮುಂದೆ. ಮಾಲೀಕನ ಪಕ್ಕ ಕೂಲಿಯವನು, ಭುಜಕ್ಕೆ ಭುಜ. ಇಮಾಮರು ಹುಟ್ಟಿನಿಂದ ಆಗೋ ಪೂಜಾರಿಗಳಲ್ಲ, ಓದು ಬಲ್ಲವರು ಯಾರಾದರೂ ಮುಂದೆ ನಿಲ್ಲಬಹುದು. ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಪಿಂಜಾರ, ನದಾಫ್, ಛಪ್ಪರ್‌ಬಂದ್ ಅಂತ ಹಿಂದುಳಿದ ಗುಂಪುಗಳು ನಮ್ಮ ರಾಜ್ಯದ ಮೀಸಲಾತಿ ಪಟ್ಟಿಯ ಪ್ರವರ್ಗ ಒಂದರಲ್ಲಿವೆ. ಸಾಲಿನಲ್ಲಿರುವ ಸಮಾನತೆ ಸಂಬಂಧ ಬೆಳೆಸುವಾಗಲೂ ಇದೆಯಾ ಅನ್ನೋದು ಆ ಸಮುದಾಯದ ಒಳಗಿನವರೇ ಕೇಳ್ತಿರೋ ಪ್ರಶ್ನೆ. ಹೆಣ್ಣುಮಕ್ಕಳ ಪ್ರಶ್ನೆಯೂ ಇದೆ. ನಮ್ಮ ಕಡೆ ಹೆಚ್ಚಿನ ಹೆಂಗಸರು ಮನೆಯಲ್ಲೇ ನಮಾಜ್ ಮಾಡ್ತಾರೆ. ಮಹಿಳೆಯರು ಮಸೀದಿಗೆ ಬಂದು ನಮಾಜ್ ಮಾಡೋಕೆ ಧರ್ಮದ ಅಡ್ಡಿ ಇಲ್ಲ ಅಂತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೇಳಿದೆ. ಜಾಗ ಮಾಡಿಕೊಟ್ಟಿರೋ ಮಸೀದಿಗಳು ಇನ್ನೂ ಕಡಿಮೆ.

ಪಶ್ಚಿಮ ಅಂದರೆ ಪಶ್ಚಿಮವೇ?

ಮುಸ್ಲಿಮರು ಪಶ್ಚಿಮಕ್ಕೆ ತಿರುಗಿ ನಮಾಜ್ ಮಾಡ್ತಾರೆ ಅಂತೀವಿ. ಅವರು ತಿರುಗೋದು ಮೆಕ್ಕಾದ ಕಾಬಾ ಇರುವ ದಿಕ್ಕಿಗೆ. ಬೆಂಗಳೂರಿನಿಂದ ಅದು ಸುಮಾರು 4,100 ಕಿಲೋಮೀಟರ್. ಭೂಮಿ ಗುಂಡಗಿರೋದರಿಂದ ಅತಿ ಹತ್ತಿರದ ದಾರಿ ಲೆಕ್ಕ ಹಾಕಿದರೆ ನೇರ ಪಶ್ಚಿಮದಿಂದ ಹದಿನೆಂಟು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಉತ್ತರಕ್ಕೆ ವಾಲುತ್ತೆ. ನಮ್ಮ ಬಡಾವಣೆಗಳಲ್ಲಿ ರಸ್ತೆಗೆ ಸರಿಯಾಗಿ ಕಟ್ಟಿದ ಮಸೀದಿಯೊಳಗೆ ಜಮಖಾನೆಯ ಗೆರೆಗಳು ಓರೆಯಾಗಿ ಇದ್ದರೆ ಕಾರಣ ಇದು.

ಇದನ್ನು ಪರೀಕ್ಷೆ ಮಾಡೋಕೆ ಆಪ್ ಬೇಡ. ವರ್ಷಕ್ಕೆ ಎರಡು ಸಲ, ಮೇ 27-28ರ ಸುಮಾರು ಮತ್ತು ಜುಲೈ 15-16ರ ಸುಮಾರು, ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲಿರ್ತಾನೆ. ನಮ್ಮ ಗಡಿಯಾರದಲ್ಲಿ ಮೇನಲ್ಲಿ ಮಧ್ಯಾಹ್ನ 2.48, ಜುಲೈನಲ್ಲಿ 2.57. ಆ ಹೊತ್ತಿಗೆ ಮಹಡಿ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ನೆರಳು ಬಿದ್ದ ದಿಕ್ಕಿಗೆ ಬೆನ್ನು ಹಾಕಿದರೆ ನಿಮ್ಮ ಮುಖ ಮೆಕ್ಕಾದ ಕಡೆಗೆ. ಮೋಡ ಇರದಿದ್ದರೆ ಸರಿ!

ಹಾಗಾದರೆ ಅವರು ಕಾಬಾವನ್ನು ಪೂಜಿಸ್ತಾರಾ? ಇಲ್ಲ, ಅದು ದಿಕ್ಕು. ಆರಂಭದಲ್ಲಿ ಆ ದಿಕ್ಕು ಜೆರುಸಲೇಂ ಆಗಿತ್ತು, 624ರಲ್ಲಿ ಮೆಕ್ಕಾಕ್ಕೆ ಬದಲಾಯಿತು. ದಿಕ್ಕು ಬದಲಾಯಿತು, ದೇವರು ಬದಲಾಗಲಿಲ್ಲ.

ನಮಾಜ್ ಹೊರತಾದ ಪ್ರಾರ್ಥನೆ

ನಮಾಜ್ ಒಂದೇ ಪ್ರಾರ್ಥನೆ ಅಲ್ಲ. ನಮಾಜ್‌ನ ಮಾತುಗಳು ಅರಬ್ಬಿಯಲ್ಲಿ ನಿಗದಿಯಾಗಿವೆ. ಆದರೆ ದುವಾ, ಅಂದರೆ ಅಂಗೈ ಚಾಚಿ ಬೇಡಿಕೊಳ್ಳೋದು, ಯಾವ ಭಾಷೆಯಲ್ಲಾದರೂ ಆಗಬಹುದು. ದಖನಿಯಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ. ಮಗಳ ಪಿಯುಸಿ ರಿಸಲ್ಟ್‌ಗೆ, ಗಂಡನ ಆಪರೇಷನ್‌ಗೆ ಬೇಡಿಕೊಳ್ಳೋದು ಇದರಲ್ಲೇ. ಜಿಕ್ರ್ ಅಂದರೆ ದೇವರ ಸ್ಮರಣೆ. ನಮಾಜ್ ಮುಗಿದ ಮೇಲೆ 33, 33, 34 ಅಂತ ಮೂರು ಚಿಕ್ಕ ಸ್ತುತಿಗಳನ್ನು ಎಣಿಸಿ ನೂರು ಮಾಡ್ತಾರೆ. ಅದಕ್ಕೇ ಆ ಮಣಿಸರ. ನಮ್ಮ ಜಪಮಾಲೆಗೆ 108, ಅವರ ತಸ್ಬೀಹ್‌ಗೆ ಸಾಮಾನ್ಯವಾಗಿ 99 ಅಥವಾ 33.

ಶುಕ್ರವಾರ ಮಧ್ಯಾಹ್ನದ ನಾಲ್ಕು ರಕಾತ್ ಬದಲು ಜುಮ್ಮಾದ ಎರಡು ರಕಾತ್, ಅದಕ್ಕೆ ಮುಂಚೆ ಪ್ರವಚನ. ಜನ ಜಾಸ್ತಿಯಾಗಿ ರಸ್ತೆಗೆ ಬಂದರೆ ಟ್ರಾಫಿಕ್ ನಿಲ್ಲುತ್ತೆ. ರಸ್ತೆ ಎಲ್ಲರದ್ದು, ಅದು ಜುಮ್ಮಾಕ್ಕೂ ಅನ್ವಯ, ಪೆಂಡಾಲ್‌ಗೂ ಅನ್ವಯ. ಒಂದೇ ಮಸೀದಿಯಲ್ಲಿ ಎರಡು ಪಾಳಿ ಮಾಡುವ ದಾರಿ ಇದೆ, ಕೋವಿಡ್ ಕಾಲದಲ್ಲಿ ಮಾಡಿದ್ದಾರೆ.

ರಂಜಾನ್ ಮತ್ತು ಬಕ್ರೀದ್‌ನ ನಮಾಜ್‌ಗೆ ಅಜಾನ್ ಇಲ್ಲ. ಎಷ್ಟು ಜನರಿಗೆ ಗೊತ್ತು ಇದು? ಊರಿನವರೆಲ್ಲ ಒಟ್ಟಿಗೆ ಬಯಲಲ್ಲಿ ಸೇರಬೇಕು ಅನ್ನೋದು ರೂಢಿ. ಆ ಬಯಲೇ ಈದ್ಗಾ. ಪಶ್ಚಿಮಕ್ಕೆ ಒಂದು ಗೋಡೆ, ಮಿಕ್ಕಿದ್ದು ಮೈದಾನ. 2022ರ ಆಗಸ್ಟ್ 30ರಂದು ಚಾಮರಾಜಪೇಟೆ ಈದ್ಗಾ ಮೈದಾನದ ಮೇಲೆ ಸುಪ್ರೀಂ ಕೋರ್ಟ್ ಯಥಾಸ್ಥಿತಿ ಆದೇಶ ಕೊಟ್ಟಿದ್ದು, ಅದೇ ರಾತ್ರಿ ಹುಬ್ಬಳ್ಳಿಯ ಈದ್ಗಾದಲ್ಲಿ ಗಣೇಶೋತ್ಸವಕ್ಕೆ ಹೈಕೋರ್ಟ್ ಅನುಮತಿ ಕೊಟ್ಟಿದ್ದು ನೆನಪಿರಬಹುದು. ಅದು ಒಡೆತನದ ವ್ಯಾಜ್ಯ, ಕೋರ್ಟಿಗೇ ಬಿಡೋಣ. ವರ್ಷಕ್ಕೆ ಎರಡು ಬೆಳಗಿನ ನಮಾಜ್‌ಗೆ ಅಷ್ಟು ದೊಡ್ಡ ಬಯಲು ಯಾಕೆ ಅನ್ನೋರಿಗೆ ಕಾರಣ ಇದು.

ಸಾವಿನ ನಮಾಜ್, ಜನಾಜಾ. ಅದರಲ್ಲಿ ಬಾಗೋದೂ ಇಲ್ಲ, ಹಣೆ ಊರೋದೂ ಇಲ್ಲ. ನಿಂತೇ ಇರ್ತಾರೆ. ಎದುರಿಗೆ ದೇಹ ಇರುತ್ತಲ್ಲ, ಮನುಷ್ಯನಿಗೆ ಸಜ್ದಾ ಮಾಡಿದ ಹಾಗೆ ಕಾಣಬಾರದು ಅಂತ ವಿವರಿಸ್ತಾರೆ. ಬರ ಬಂದಾಗ ಮಳೆಗಾಗಿ ಒಂದು ನಮಾಜ್ ಇದೆ. ಅದರಲ್ಲಿ ಮೇಲುಹೊದಿಕೆಯನ್ನು ತಿರುವಿ ಹೊದ್ದುಕೊಳ್ಳೋ ಪದ್ಧತಿ ಇದೆ. ನಮ್ಮ ಪರಿಸ್ಥಿತಿಯನ್ನೂ ಹೀಗೆ ತಿರುಗಿಸಪ್ಪಾ ಅನ್ನೋ ಹಾಗೆ. ಕಪ್ಪೆ ಮದುವೆ ಮಾಡಿಸೋ ರೈತನ ಸಂಕಟಕ್ಕೂ ಇದಕ್ಕೂ ಎಷ್ಟು ದೂರ ಹೇಳಿ?

ದರ್ಗಾ ಇನ್ನೊಂದು ಲೋಕ. ಅಲ್ಲಿ ಹೂವಿನ ಚಾದರ, ಗಂಧ, ಉರುಸು. ಇದು ಸರಿಯೋ ತಪ್ಪೋ ಅಂತ ಮುಸ್ಲಿಮರಲ್ಲೇ ತೀವ್ರ ಭಿನ್ನಾಭಿಪ್ರಾಯ ಇದೆ. ಆದರೆ ಬೆಂಗಳೂರು ಕರಗ ಪ್ರತಿ ವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತೆ. 2022ರಲ್ಲಿ, ಅಷ್ಟೆಲ್ಲ ಗಲಾಟೆಯ ನಡುವೆಯೂ ಹೋಯಿತು.

ಪದಗಳ ನೆಂಟಸ್ತನ

ಈ ಇಡೀ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ನಮಾಜ್ ಅರಬ್ಬಿ ಪದ ಅಲ್ಲ. ಅರಬ್ಬಿಯಲ್ಲಿ ಅದು ಸಲಾತ್. ನಮಾಜ್ ಪಾರ್ಸಿ ಪದ. ಪಾರ್ಸಿಯ ‘ನಮಾಜ್’ ಮತ್ತು ಸಂಸ್ಕೃತದ ‘ನಮಸ್’ ಒಂದೇ ಬೇರಿನವು, ಭಾಷಾಶಾಸ್ತ್ರ ಒಪ್ಪಿರುವ ಮಾತು ಇದು. ನಮಸ್ಕಾರ ವೀಕ್ಷಕರೇ ಅಂತ ನಾನು ಶುರು ಮಾಡಿದೆನಲ್ಲ, ಆ ನಮಸ್ಕಾರದ ‘ನಮಸ್’.

ಇನ್ನೂ ಇದೆ. ನಮ್ಮ ಬೆಂಗಳೂರಲ್ಲಿ ಮಂಗಳೂರು ಕಡೆಯ ಬ್ಯಾರಿಗಳೂ ಇದ್ದಾರೆ. ಅವರು ಮನೆಮಾತಿನಲ್ಲಿ ನಮಾಜ್‌ಗೆ ‘ನಿಸ್ಕಾರ’ ಅಂತಾರೆ, ಮಸೀದಿಗೆ ‘ಪಳ್ಳಿ’ ಅಂತಾರೆ, ಉಪವಾಸಕ್ಕೆ ‘ನೋಂಬು’ ಅಂತಾರೆ. ಹಳಗನ್ನಡ ಓದಿದವರಿಗೆ ‘ನೋಂಪಿ’ ನೆನಪಾಗಬೇಕು. ಜೈನರ ವ್ರತಗಳಿಗೆ ನಮ್ಮ ಹಳೆಯ ಕವಿಗಳು ಬಳಸಿದ ಪದ ಅದು. ಒಂದೇ ಬೇರಿನ ಪದ ಒಬ್ಬರ ಬಾಯಲ್ಲಿ ಜೈನ ವ್ರತ, ಇನ್ನೊಬ್ಬರ ಬಾಯಲ್ಲಿ ರಂಜಾನ್ ಉಪವಾಸ. ಧರ್ಮ ಹೊರಗಿನಿಂದ ಬಂದಿರಬಹುದು, ಅದನ್ನು ಹೇಳೋ ನಾಲಿಗೆ ಇಲ್ಲಿಯದೇ.

ಕೊನೆಗೆ ಏನು ಮಾಡಬೇಕು? ಮಸೀದಿಯ ಮೈಕ್ ಮಿತಿ ಮೀರಿದರೆ ದೂರು ಕೊಡಿ. ಅದು ನಿಮ್ಮ ಹಕ್ಕು. ದೇವಸ್ಥಾನದ್ದು ಮೀರಿದರೂ ಕೊಡಿ, ನಿಮ್ಮ ಬೀದಿಯ ಆರ್ಕೆಸ್ಟ್ರಾ ಮೀರಿದರೂ ಕೊಡಿ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕಿವಿ ಮುಚ್ಚಿಕೊಂಡರೆ ನಿಮಗೆ ತೊಂದರೆ ಆಗ್ತಿರೋದು ಸದ್ದಿನಿಂದ ಅಲ್ಲ ಅಂತ ಅರ್ಥ. ಮಸೀದಿ ಸಮಿತಿಗಳಿಗೂ ಒಂದು ಮಾತು. ಒಂದು ಶುಕ್ರವಾರವೋ ಭಾನುವಾರವೋ ಬಾಗಿಲು ತೆಗೆದು ಅಕ್ಕಪಕ್ಕದವರನ್ನು ಒಳಗೆ ಕರೆದು, ಏನು ನಡೆಯುತ್ತೆ ಅಂತ ಕನ್ನಡದಲ್ಲಿ ಹೇಳಿ. ಕನ್ನಡದಲ್ಲಿ ಹೇಳಿದಷ್ಟೂ ಅನುಮಾನ ಕಡಿಮೆಯಾಗುತ್ತೆ.

ಸದ್ದನ್ನು ಅಳೆಯೋಕೆ ಮೀಟರ್ ಇದೆ, ಅದನ್ನು ಪೊಲೀಸರು ಹಿಡ್ಕೊಳ್ಳಲಿ. ಪಕ್ಕದ ಮನೆಯವರು ದಿನಕ್ಕೆ ಐದು ಹೊತ್ತು ಏನು ಬೇಡಿಕೊಳ್ತಾರೆ ಅನ್ನೋದನ್ನು ತಿಳಿಯೋಕೆ ಮೀಟರ್ ಇಲ್ಲ. ಅದಕ್ಕೆ ನಾವೇ ಹೋಗಿ ಕೇಳಬೇಕು. ಯೋಚನೆ ಮಾಡಿ. ನಮಸ್ಕಾರ.